ನೋವಿದ್ದಾಗಲೇ ತೆಗೆದ ಇಸಿಜಿ

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕೊರೊನರಿ ನಾಳಗಳ ಗೋಡೆಯಲ್ಲೂ ಸ್ನಾಯುವಿನ ಒಂದು ಪದರವಿದೆ. ಆ ಪದರ ಎಲ್ಲೋ ಒಂದು ಕಡೆ ಏಕಾಏಕಿ ಬಿಗಿದುಕೊಂಡರೆ ನಾಳ ಮುಚ್ಚಿಕೊಳ್ಳುತ್ತದೆ. ಇದೇ ಕೊರೊನರಿ ಸೆಳೆತ. ಕೆಲವು ನಿಮಿಷಗಳಲ್ಲಿ ತಾನಾಗಿ ಸಡಿಲವಾದರೆ ರಕ್ತ ಮತ್ತೆ ಹರಿಯುತ್ತದೆ. ಕೊಬ್ಬು ಕಟ್ಟಿದ ಬ್ಲಾಕ್ ಇವತ್ತು ನೋಡಿದರೂ ಇರುತ್ತದೆ, ನಾಳೆ ನೋಡಿದರೂ ಇರುತ್ತದೆ. ಸೆಳೆತ ಹಾಗಲ್ಲ, ಬಂದಾಗ ನೋಡಿದವರಿಗೆ ಮಾತ್ರ ಕಾಣುತ್ತದೆ. ಹೃದ್ರೋಗ ವಿಭಾಗದ ಕೆಲಸದಲ್ಲಿ ಈ ಕಾಯಿಲೆ ನನಗೆ ಕಲಿಸಿದ್ದೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ. ಇಸಿಜಿ ಯಾವ ಹೊತ್ತಿನದು, ಆಂಜಿಯೋಗ್ರಾಂ ಯಾವ ಔಷಧಿಗೆ ಮುಂಚಿನದು ಎಂದು ಗೊತ್ತಿಲ್ಲದೆ ಓದಿದರೆ ಎರಡೂ ದಾರಿ ತಪ್ಪಿಸುತ್ತವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿ ಮಾಡುವ ಡಾಕ್ಟರು, ನರ್ಸು, ಟೆಕ್ನಿಷಿಯನ್ನರನ್ನೂ, ಮನೆಯಲ್ಲಿ ಇಂಥ ರೋಗಿ ಇರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಹೊತ್ತು ಕೇಳಿ

ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ನಡುವಯಸ್ಸಿನ ಹಮಾಲಿಯೊಬ್ಬರು ಹೊರರೋಗಿ ವಿಭಾಗದಲ್ಲಿ ಕೂತು ಹೇಳಿದ್ದು ಹೀಗೆ: "ಸಾರ್, ಬೆಳಗಿನ ಜಾವ ನಾಲ್ಕರ ಹೊತ್ಗೆ ಎಚ್ಚರ ಆಗ್ತದೆ. ಎದೆ ಹಿಂಡಿದಂಗೆ, ದವಡೆ ಬಿಗಿದಂಗೆ. ಎದ್ದು ಕೂತು ಬೆವರು ಒರೆಸ್ಕೊಳ್ಳೋ ಹೊತ್ಗೆ ಹೋಗ್ಬಿಡ್ತದೆ. ಬೆಳಿಗ್ಗೆ ಎಷ್ಟು ಮೂಟೆ ಹೊತ್ರೂ ಏನೂ ಆಗಲ್ಲ." ಗ್ಯಾಸ್ಟ್ರಿಕ್ ಅಂದುಕೊಂಡು ಅವರು ಮಾತ್ರೆ ನುಂಗುತ್ತಿದ್ದರು. ಹಗಲಲ್ಲಿ ತೆಗೆಸಿದ ಇಸಿಜಿಗಳೆಲ್ಲ ನಾರ್ಮಲ್. ಆದರೆ ರೋಗದ ಮುಕ್ಕಾಲು ಪಾಲು ಅವರ ಆ ಮಾತಿನಲ್ಲೇ ಇತ್ತು.

ಸಾಮಾನ್ಯ ಆಂಜೈನಾ ದುಡಿಮೆಗೆ ಬರುತ್ತದೆ. ಮೆಟ್ಟಿಲು ಹತ್ತಿದಾಗ, ಊಟ ಮಾಡಿ ಬಿರುಸಾಗಿ ನಡೆದಾಗ ಎದೆ ಹಿಡಿಯುತ್ತದೆ, ನಿಂತರೆ ಹೋಗುತ್ತದೆ. ಸೆಳೆತದ ನೋವು ವಿಶ್ರಾಂತಿಯಲ್ಲಿ ಬರುತ್ತದೆ, ಅದರಲ್ಲೂ ನಡುರಾತ್ರಿಯಿಂದ ಮುಂಜಾನೆಯವರೆಗಿನ ಅವಧಿಯಲ್ಲಿ. ಲಾಸ್ ಏಂಜಲೀಸಿನ ಹೃದ್ರೋಗ ತಜ್ಞ ಮೈರಾನ್ ಪ್ರಿನ್ಸ್‌ಮೆಟಲ್ 1959ರಲ್ಲಿ ಈ ಬಗೆಯ ಆಂಜೈನಾವನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದರು. ಅವರ ರೋಗಿಗಳಿಗೆ ನೋವು ಸುಮ್ಮನಿದ್ದಾಗ ಬರುತ್ತಿತ್ತು, ಇಸಿಜಿಯ ಎಸ್‌ಟಿ ಭಾಗ ಇಳಿಯುವ ಬದಲು ಏರುತ್ತಿತ್ತು, ನೋವು ಹೋದೊಡನೆ ಸರಿಹೋಗುತ್ತಿತ್ತು. ನಾಳದ ಬಿಗಿತ ಹೆಚ್ಚಾಗುವುದೇ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. ನೋವಿನ ಗಳಿಗೆಯಲ್ಲೇ ಆಂಜಿಯೋಗ್ರಾಂ ಮಾಡಿ ಸೆಳೆತವನ್ನು ಕಣ್ಣಾರೆ ತೋರಿಸಿದ್ದು 1970ರ ದಶಕದ ಕೆಲಸ. ಅದರಲ್ಲಿ ಇಟಲಿಯ ಪೀಸಾದ ಅಟಿಲಿಯೊ ಮಸೇರಿ ಅವರ ತಂಡದ ಪಾಲು ದೊಡ್ಡದು.

ಹೀಗಾಗಿ ಎದೆನೋವಿನವರನ್ನು ಕೇಳುವಾಗ "ಎಲ್ಲಿ ನೋವು" ಎಂಬುದಕ್ಕಿಂತ "ಎಷ್ಟು ಹೊತ್ತಿಗೆ ನೋವು" ಎಂಬ ಪ್ರಶ್ನೆಗೆ ಹೆಚ್ಚು ಸಮಯ ಕೊಡುತ್ತೇನೆ. ನಿದ್ದೆಯಿಂದ ಎಬ್ಬಿಸುತ್ತದೆಯೇ? ಒಂದೇ ರಾತ್ರಿ ಎರಡು ಮೂರು ಸಲ ಬಂದು, ಆಮೇಲೆ ತಿಂಗಳುಗಟ್ಟಲೆ ಸುಳಿವಿಲ್ಲದೆ ಇರುತ್ತದೆಯೇ? ಕುಡಿದ ರಾತ್ರಿ ಕಳೆದು ಮರುದಿನ ಬೆಳಿಗ್ಗೆ ಬರುತ್ತದೆಯೇ? ನೋವಿನ ಜೊತೆ ಕಣ್ಣು ಕತ್ತಲೆ ಬಂದದ್ದು, ಎಚ್ಚರ ತಪ್ಪಿದ್ದು ಉಂಟೇ? ಕೊನೆಯ ಪ್ರಶ್ನೆಗೆ ಹೌದೆಂದರೆ ಅವರನ್ನು ಮನೆಗೆ ಕಳಿಸುವುದಿಲ್ಲ.

2. ನೋವಿರುವಾಗಿನ ಇಸಿಜಿಗೆ ಬದಲಿಲ್ಲ

ಸೆಳೆತ ಇಲ್ಲದ ಹೊತ್ತಿನ ಇಸಿಜಿ ಪೂರ್ತಿ ನಾರ್ಮಲ್ ಇರಬಹುದು. ಹೆಚ್ಚಿನವರಲ್ಲಿ ಹಾಗೇ ಇರುತ್ತದೆ. ಬೆಳಿಗ್ಗೆ ಹತ್ತು ಗಂಟೆಯ ನಾರ್ಮಲ್ ಇಸಿಜಿ ಬೆಳಗಿನ ಜಾವ ನಾಲ್ಕು ಗಂಟೆಯ ಬಗ್ಗೆ ಏನನ್ನೂ ಹೇಳಲಾರದು.

ಅಡ್ಮಿಟ್ ಮಾಡಿಕೊಂಡ ರೋಗಿಗೆ ಮಲಗುವ ಮುಂಚೆಯೇ ಹೇಳಿಡುತ್ತೇವೆ: ನೋವು ಶುರುವಾದ ತಕ್ಷಣ ಕರೆಗಂಟೆ ಒತ್ತಿ, ಸಹಿಸಿಕೊಂಡು ಮಲಗಬೇಡಿ. ನಮ್ಮ ಜನ, ಅದರಲ್ಲೂ ಹೆಂಗಸರು, "ಸಿಸ್ಟರ್‌ಗೆ ಯಾಕೆ ತೊಂದರೆ, ಹೋಗ್ತದೆ ಬಿಡು" ಎಂದು ಸುಮ್ಮನಿರುತ್ತಾರೆ. ಅಷ್ಟರಲ್ಲಿ ಪುರಾವೆಯೇ ಹೋಗಿರುತ್ತದೆ. ಎದೆಗೆ ಅಂಟಿಸುವ ಸ್ಟಿಕ್ಕರ್ ಎಲೆಕ್ಟ್ರೋಡುಗಳನ್ನು ರಾತ್ರಿಯೇ ಹಚ್ಚಿಡುವುದು, ಇಸಿಜಿ ಯಂತ್ರವನ್ನು ಚಾರ್ಜ್ ಮಾಡಿ ಮಂಚದ ಹತ್ತಿರವೇ ಇಡುವುದು ಸಣ್ಣ ಕೆಲಸಗಳು. ಆದರೆ ರೋಗ ಪತ್ತೆಯಾಗುವುದು ಅಥವಾ ಕೈತಪ್ಪುವುದು ಇಲ್ಲೇ. ಎಲೆಕ್ಟ್ರೋಡ್ ಜಾಗ ಒಂದು ಪಕ್ಕೆಲುಬಿನಷ್ಟು ಆಚೀಚೆಯಾದರೂ ಅಲೆಗಳ ಆಕಾರ ಬದಲಾಗುತ್ತದೆ. ಅದೇ ಸ್ಟಿಕ್ಕರ್‌ಗಳ ಮೇಲೆ ತೆಗೆದ ಎರಡು ಇಸಿಜಿಗಳನ್ನು ಮಾತ್ರ ನಂಬಿಕೆಯಿಂದ ಹೋಲಿಸಿ ನೋಡಬಹುದು.

ರೋಗಿಯ ಸ್ಥಿತಿ ಕೈಮೀರದಿದ್ದರೆ ಮೊದಲು ಇಸಿಜಿ, ಆಮೇಲೆ ನಾಲಿಗೆಯ ಕೆಳಗೆ ಸಾರ್ಬಿಟ್ರೇಟ್ ಎಂಬ ನೈಟ್ರೇಟ್ ಮಾತ್ರೆ. ಇಸಿಜಿಗೆ ಬೇಕಾಗುವುದು ಒಂದು ನಿಮಿಷ. ಮಾತ್ರೆ ಮೊದಲಾದರೆ ಬಿಗಿದ ನಾಳ ಬಿಚ್ಚಿಕೊಂಡ ಮೇಲಿನ ಗೆರೆಯಷ್ಟೇ ಕೈಗೆ ಸಿಗುತ್ತದೆ. ಕಾಗದದ ಮೇಲೆ ಪೆನ್ನಿನಲ್ಲಿ ಮೂರು ಮಾತು ಬರೆಯಲೇಬೇಕು: ಗಂಟೆ-ನಿಮಿಷ, ನೋವು ಇದೆಯೋ ಇಲ್ಲವೋ, ಮಾತ್ರೆ ಕೊಡುವ ಮುಂಚೆಯೋ ಆಮೇಲೋ. ಯಂತ್ರವೇ ಮುದ್ರಿಸುವ ಸಮಯವನ್ನು ನಂಬಬೇಡಿ, ಎಷ್ಟೋ ಯಂತ್ರಗಳ ಗಡಿಯಾರ ಸರಿ ಇರುವುದಿಲ್ಲ.

3. ಗೆರೆ ಏರುವ ಕ್ರಮವನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಿ

ಆ ಹಮಾಲಿಯವರ ಇಸಿಜಿಯನ್ನು ರಾತ್ರಿ ಪಾಳಿಯ ಸಿಸ್ಟರ್ ನೋವಿನ ನಡುವೆ ಬಿಟ್ಟೂಬಿಡದೆ ತೆಗೆದರು. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣುವುದು ಏರಿ ನಿಂತ ಎಸ್‌ಟಿಯ ಒಂದು ಚಿತ್ರ ಮಾತ್ರ.

ಮೊದಲು ಅಳತೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತಿರಬೇಕು, ಒಂದು ಮಿಲಿವೋಲ್ಟಿಗೆ 10 ಮಿಲಿಮೀಟರ್ ಎತ್ತರ ಬರಬೇಕು. ಹಾಗಿದ್ದರೆ ಒಂದು ಚಿಕ್ಕ ಚೌಕದ ಎತ್ತರ 0.1 ಮಿಲಿವೋಲ್ಟ್. ಯಂತ್ರ ಅರ್ಧ ಅಳತೆಯಲ್ಲಿದ್ದರೆ ನಿಜವಾದ ಏರಿಕೆ ಅರ್ಧವಾಗಿ ಕಾಣುತ್ತದೆ.

ಮೊದಲ ಹಾಳೆಯಲ್ಲಿ ವಿ2, ವಿ3 ಲೀಡುಗಳ ಟಿ ಅಲೆ ಎದ್ದು ನಿಂತಿತ್ತು. ಎತ್ತರವಷ್ಟೇ ಅಲ್ಲ, ಬುಡವೂ ಅಗಲ, ಎರಡೂ ಮಗ್ಗುಲು ಸಮ. ಎಸ್‌ಟಿ ಇನ್ನೂ ಮೇಲೆದ್ದಿರಲಿಲ್ಲ. ಅವಸರದಲ್ಲಿ ನೋಡಿದವರು ಇದನ್ನು ನಾರ್ಮಲ್ ಎಂದೇ ಬಿಡುತ್ತಾರೆ. ಮುಂದಿನ ಹಾಳೆಯಲ್ಲಿ ಎಸ್‌ಟಿ ಅಡಿಗೆರೆಯನ್ನು ಬಿಟ್ಟು ಮೇಲಕ್ಕೆ ಬಂದಿತ್ತು, ವಿ3ರ ಆಳವಾದ ಎಸ್ ಅಲೆ ಕುಗ್ಗುತ್ತಿತ್ತು, ಆರ್ ಅಲೆ ಮುಂಚಿಗಿಂತ ಎತ್ತರವಾಗಿತ್ತು. ಅದರ ಮುಂದಿನದರಲ್ಲಿ ಎಸ್ ಅಲೆ ಪೂರ್ತಿ ಮಾಯ. ಆರ್, ಎಸ್‌ಟಿ, ಟಿ ಮೂರೂ ಕೂಡಿಕೊಂಡು ಒಂದೇ ಗುಡ್ಡವಾಗಿದ್ದವು, ಕ್ಯೂಆರ್‌ಎಸ್ ಅಗಲವಾಗಿತ್ತು. ನಾಳ ಪೂರ್ತಿ ಮುಚ್ಚಿದೆ, ಸ್ನಾಯು ಹೊರಮೈಯವರೆಗೂ ರಕ್ತಕ್ಕಾಗಿ ಪರದಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತಿಲ್ಲ. ಅಷ್ಟು ಹೊತ್ತಿಗೆ ಅಲ್ಲೊಂದು ಇಲ್ಲೊಂದು ಕುಹರದ ಅಕಾಲ ಬಡಿತ ಕಾಣಿಸಿಕೊಂಡಿತ್ತು. ಮಾತ್ರೆ ನಾಲಿಗೆ ಕೆಳಗೆ ಹೋದ ಮೇಲೆ ಇಷ್ಟೆಲ್ಲ ಹಿಂದುಮುಂದಾಗಿ ಬಿಚ್ಚಿಕೊಂಡಿತು. ಎಸ್‌ಟಿ ಕೆಳಗೆ ಕೂತಿತು, ಎಸ್ ಅಲೆ ಮರಳಿತು, ಕೊನೆಗೆ ಟಿ ಅಲೆ ತಲೆಕೆಳಗಾಯಿತು. ಹೀಗೆ ತಲೆಕೆಳಗಾದ ಟಿ ಕೆಲವು ಗಂಟೆ, ಕೆಲವು ಸಲ ಇನ್ನೂ ಹೆಚ್ಚು ಕಾಲ ಹಾಗೇ ಉಳಿಯಬಹುದು.

ಎರಡು ಸೂಕ್ಷ್ಮಗಳಿವೆ. ಮೊದಲೇ ತಲೆಕೆಳಗಾಗಿರುವ ಟಿ ಅಲೆ ಸೆಳೆತದ ಹೊತ್ತಿನಲ್ಲಿ ನೆಟ್ಟಗಾಗಿಬಿಡುತ್ತದೆ. ಹಿಂದಿನ ಹಾಳೆ ಕೈಯಲ್ಲಿಲ್ಲದಿದ್ದರೆ "ಇಸಿಜಿ ಚೆನ್ನಾಗಿದೆ" ಅನ್ನಿಸುವುದು ನಿಜವಾಗಿ ನಾಳ ಮುಚ್ಚಿರುವ ಗಳಿಗೆಯಲ್ಲಿ. ಇನ್ನೊಂದು, ಒಂದು ಬಡಿತದಲ್ಲಿ ಎಸ್‌ಟಿ ಹೆಚ್ಚು, ಮುಂದಿನದರಲ್ಲಿ ಕಡಿಮೆ, ಮತ್ತೆ ಹೆಚ್ಚು, ಹೀಗೆ ಬಿಟ್ಟು ಬಿಟ್ಟು ಬಂದರೆ ಡಿಫಿಬ್ರಿಲೇಟರನ್ನು ಮಂಚದ ಪಕ್ಕಕ್ಕೆ ತರಿಸಿ. ಅಪಾಯದ ಲಯ ಶುರುವಾಗುವ ಮುಂಚಿನ ಸೂಚನೆ ಅದು.

4. ಲೀಡುಗಳು ನಾಳವನ್ನು ಹೇಳುತ್ತವೆ, ಯಾವಾಗಲೂ ಪೂರ್ತಿಯಾಗಿ ಅಲ್ಲ

ಎಡಮುಂಭಾಗದ ನಾಳ ಬಿಗಿದರೆ ವಿ1ರಿಂದ ವಿ4ರವರೆಗೆ, ಬಲನಾಳ ಬಿಗಿದರೆ 2, 3, ಎವಿಎಫ್ ಲೀಡುಗಳಲ್ಲಿ ಎಸ್‌ಟಿ ಏರುತ್ತದೆ. ಎದುರು ಬದಿಯ ಲೀಡುಗಳಲ್ಲಿ ಇಳಿಯುತ್ತದೆ. ಬಲನಾಳದ ಸೆಳೆತದಲ್ಲಿ ಎವಿಎಲ್ ಲೀಡನ್ನು ನೋಡದೆ ಬಿಡಬೇಡಿ, ಅಲ್ಲಿನ ಇಳಿಕೆ ಬಹಳ ಸಲ ಮೊದಲ ಸುಳಿವು. ಸೈನಸ್ ನೋಡ್‌ಗೂ ಎವಿ ನೋಡ್‌ಗೂ ಹೆಚ್ಚಿನವರಲ್ಲಿ ರಕ್ತ ಬರುವುದು ಬಲನಾಳದಿಂದ. ಹಾಗಾಗಿ ಅದು ಬಿಗಿದಾಗ ಬಡಿತ ನಿಧಾನವಾಗುವುದು, ಹಾರ್ಟ್ ಬ್ಲಾಕ್ ಆಗುವುದು, ಕೆಲವು ಸೆಕೆಂಡು ಗೆರೆ ಸಪಾಟಾಗುವುದು ಉಂಟು. ರಾತ್ರಿ ಬಚ್ಚಲಿಗೆ ಎದ್ದು ಬಿದ್ದ ಎಷ್ಟೋ ಜನರನ್ನು ನರರೋಗದವರ ಬಳಿಗೆ ಕಳಿಸುವ ಮುಂಚೆ ಈ ಸಾಧ್ಯತೆಯನ್ನು ಯೋಚಿಸಬೇಕು.

ನಾಳ ಪೂರ್ತಿ ಮುಚ್ಚದೆ ಅರೆಬರೆ ಬಿಗಿದರೆ, ಅಥವಾ ಪಕ್ಕದ ನಾಳಗಳಿಂದ ಅಡ್ಡದಾರಿ ರಕ್ತ ಬರುತ್ತಿದ್ದರೆ ಎಸ್‌ಟಿ ಏರುವ ಬದಲು ಇಳಿಯುತ್ತದೆ. ಒಮ್ಮೊಮ್ಮೆ ಹೊಸದಾಗಿ ತಲೆಕೆಳಗಾದ ಯು ಅಲೆ ಮಾತ್ರ ಕಾಣುತ್ತದೆ. ಅಂತಾರಾಷ್ಟ್ರೀಯ ತಜ್ಞರ ಕೋವಾಡಿಸ್ ಗುಂಪು ಒಪ್ಪಿಕೊಂಡಿರುವ ಮಾನದಂಡದಲ್ಲಿ ಮೂರಕ್ಕೂ ಜಾಗವಿದೆ: ಅಕ್ಕಪಕ್ಕದ ಕನಿಷ್ಠ ಎರಡು ಲೀಡುಗಳಲ್ಲಿ ಎಸ್‌ಟಿ 0.1 ಮಿಲಿವೋಲ್ಟ್ ಏರಿಕೆ, ಅಷ್ಟೇ ಇಳಿಕೆ, ಅಥವಾ ಹೊಸ ತಲೆಕೆಳಗಾದ ಯು ಅಲೆ. ಏರಿಕೆ ಕಾಣದಿದ್ದರೆ ಸೆಳೆತವೇ ಅಲ್ಲ ಎಂಬ ನಂಬಿಕೆ ಬಿಡಬೇಕು.

5. ಎಸ್‌ಟಿ ಏರಿದ್ದರೆ ಹೃದಯಾಘಾತ ಎಂದೇ ಹೆಜ್ಜೆ ಇಡಿ

ಇದರಲ್ಲಿ ರಾಜಿ ಇಲ್ಲ. ಒಂದೇ ಹಾಳೆ ನೋಡಿ ಇದು ಸೆಳೆತ, ಇದು ಹೆಪ್ಪುಗಟ್ಟಿದ ರಕ್ತ ಎಂದು ಬೇರೆ ಮಾಡಲು ಯಾರಿಗೂ ಆಗದು. ಎರಡೂ ಕೂಡಿಯೂ ಇರಬಹುದು. ಬಿಗಿದ ಜಾಗದಲ್ಲೇ ಹೆಪ್ಪು ಕಟ್ಟಬಹುದು, ಹೆಪ್ಪು ಬಿಟ್ಟ ರಾಸಾಯನಿಕಗಳೇ ನಾಳವನ್ನು ಬಿಗಿಯಬಹುದು. ಸೆಳೆತ ಹೃದಯಾಘಾತಕ್ಕೂ ಕಾರಣವಾಗಬಲ್ಲದೆಂದು ಮಸೇರಿ ತಂಡ 1978ರಲ್ಲೇ ಬರೆದಿತ್ತು.

ಆದ್ದರಿಂದ ಕ್ರಮ ಹೀಗಿರಲಿ. ಇಸಿಜಿ ತೆಗೆಯಿರಿ. ರಕ್ತದೊತ್ತಡ ಚೆನ್ನಾಗಿದ್ದರೆ, ಬಲಕುಹರದ ಆಘಾತದ ಲಕ್ಷಣವಿಲ್ಲದಿದ್ದರೆ, ಸಿಲ್ಡೆನಾಫಿಲ್ ಬಗೆಯ ಮಾತ್ರೆ ಇತ್ತೀಚೆಗೆ ತೆಗೆದುಕೊಂಡಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡಿದ್ದರೆ ನೈಟ್ರೇಟ್ ಕೊಡಿ. ಐದರಿಂದ ಹತ್ತು ನಿಮಿಷದಲ್ಲಿ ಮತ್ತೊಂದು ಇಸಿಜಿ. ಇದೆಲ್ಲ ನಡೆಯುವಾಗಲೇ ಹೃದಯಾಘಾತದ ಸಿದ್ಧತೆ, ಆಂಬುಲೆನ್ಸು, ದೊಡ್ಡ ಆಸ್ಪತ್ರೆಗೆ ಫೋನು ಜೊತೆಜೊತೆಗೇ ಸಾಗಲಿ. ಎಸ್‌ಟಿ ಇಳಿಯದಿದ್ದರೆ ಒಂದು ನಿಮಿಷವೂ ಕಾಯದೆ ಆಂಜಿಯೋಪ್ಲಾಸ್ಟಿ ಅಥವಾ ಹೆಪ್ಪು ಕರಗಿಸುವ ಚುಚ್ಚುಮದ್ದಿನ ದಾರಿ ಹಿಡಿಯಿರಿ. ಪೂರ್ತಿ ಇಳಿದು ನೋವೂ ಹೋದರೆ ಆ ಎರಡು ಹಾಳೆಗಳೇ ಮುಂದಿನ ನಿರ್ಧಾರಕ್ಕೆ ಆಧಾರ. ಆದರೂ ರೋಗಿ ಮನೆಗಲ್ಲ, ಮಾನಿಟರ್ ಇರುವ ವಾರ್ಡಿಗೆ ಹೋಗಬೇಕು. ರಕ್ತಪರೀಕ್ಷೆಯಲ್ಲಿ ಟ್ರೊಪೋನಿನ್ ನಾರ್ಮಲ್ ಬಂದರೂ ಸೆಳೆತ ಇಲ್ಲವೆಂದಲ್ಲ, ಕೆಲವೇ ನಿಮಿಷದ ಮುಚ್ಚುವಿಕೆಗೆ ಅದು ಏರದೇ ಇರಬಹುದು.

ಕರ್ನಾಟಕದಲ್ಲಿ ಈಗ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೂಡಲೇ ನೋಡುವ ವ್ಯವಸ್ಥೆ ಬಂದಿದೆ. ಸೆಳೆತದ ರೋಗಿಗೆ ಇದರಿಂದ ಆಗುವ ಉಪಕಾರ ದೊಡ್ಡದು, ಏಕೆಂದರೆ ಅವರು ಜಿಲ್ಲಾ ಕೇಂದ್ರ ತಲುಪುವ ಹೊತ್ತಿಗೆ ಇಸಿಜಿ ಸರಿಹೋಗಿರುತ್ತದೆ. ತಾಲ್ಲೂಕಿನ ಹಾಳೆಯೇ ಮುಖ್ಯ ಸಾಕ್ಷಿ. ಅದರ ಫೋಟೋ ಮಾತ್ರ ಸಾಲದು, ಮೂಲ ಹಾಳೆಯನ್ನು ರೋಗಿಯ ಜೊತೆಗೇ ಕಳಿಸಿ.

6. ಮಾತ್ರೆಗೆ ನೋವು ಹೋಯಿತೆಂದರೆ ಹೃದಯದ್ದೇ ಎಂದಲ್ಲ

ಅನ್ನನಾಳವೂ ಸೆಳೆತಕ್ಕೆ ಒಳಗಾಗುತ್ತದೆ, ಅದೂ ನೈಟ್ರೇಟಿಗೆ ಸಡಿಲವಾಗುತ್ತದೆ. ನೋವು ಹೋದದ್ದರ ಜೊತೆಗೆ ಇಸಿಜಿಯೂ ಬದಲಾದದ್ದು ಕಾಣಬೇಕು.

7. ಹೋಲ್ಟರ್ ಓದುವಾಗ ಇಳಿಜಾರು ನೋಡಿ

ಮನೆಯಲ್ಲೇ ನೋವು ಬರುವವರಿಗೆ ಇಸಿಜಿಯನ್ನು ಬಿಡದೆ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟುತ್ತೇವೆ. 24 ಗಂಟೆಯ ಹೋಲ್ಟರಿನಲ್ಲಿ ಏನೂ ಸಿಗದಿರುವುದೇ ಹೆಚ್ಚು, ಸೆಳೆತ ದಿನವೂ ಬರುವುದಿಲ್ಲವಲ್ಲ. ನೋವು ಮರುಕಳಿಸುತ್ತಿರುವ ವಾರದಲ್ಲೇ ಕಟ್ಟಬೇಕು. ಸಾಧ್ಯವಿದ್ದರೆ 48 ಗಂಟೆ ಅಥವಾ ಹೆಚ್ಚು, 12 ಲೀಡಿನದು ಸಿಕ್ಕರೆ ಇನ್ನೂ ಒಳ್ಳೆಯದು. ಎರಡು ಮೂರು ಲೀಡಿನ ಯಂತ್ರ ತನ್ನ ಕಣ್ಣಿಗೆ ಬೀಳದ ಗೋಡೆಯ ಸೆಳೆತವನ್ನು ಬಿಟ್ಟುಬಿಡುತ್ತದೆ.

ರಾತ್ರಿ ಮಗ್ಗುಲು ಬದಲಿಸಿದಾಗಲೂ ಎಸ್‌ಟಿ ಏರಿದಂತೆ ಕಾಣುತ್ತದೆ. ಅದು ತಟ್ಟನೆ ಬದಲಾಗುತ್ತದೆ, ಜೊತೆಗೆ ಕ್ಯೂಆರ್‌ಎಸ್ ಆಕಾರವೂ ಅದೇ ಬಡಿತದಿಂದ ಬೇರೆಯಾಗಿ, ಮತ್ತೆ ಮಗ್ಗುಲು ತಿರುಗುವವರೆಗೂ ಹಾಗೇ ಇರುತ್ತದೆ. ಸೆಳೆತದ ಏರಿಕೆ ನಿಮಿಷಗಳ ಮೇಲೆ ಇಳಿಜಾರಾಗಿ ಹತ್ತಿ, ಇಳಿಜಾರಾಗಿ ಇಳಿಯುತ್ತದೆ. ಕಂಪ್ಯೂಟರ್ ಕೊಡುವ ಸಾರಾಂಶ ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಹಾಕುತ್ತದೆ. ಹಾಗಾಗಿ ಮೂಲ ಇಸಿಜಿ ಗೆರೆಯನ್ನೇ ತೆರೆದು ಏರಿಕೆಯ ಮೊದಲ ಮೂರು ನಾಲ್ಕು ನಿಮಿಷಗಳನ್ನು ಬಡಿತದಿಂದ ಬಡಿತಕ್ಕೆ ನೋಡಬೇಕು.

ಹೋಲ್ಟರ್ ಕಲಿಸಿದ ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಬಹಳಷ್ಟು ಸೆಳೆತಗಳು ನೋವೇ ಇಲ್ಲದೆ ಬಂದು ಹೋಗುತ್ತವೆ. ನೋವು ಬಂದಾಗಲೂ ಎಸ್‌ಟಿ ಮೊದಲು ಬದಲಾಗಿ, ನೋವು ಆಮೇಲೆ ತಿಳಿಯುತ್ತದೆ. "ನೋವು ಕಡಿಮೆಯಾಗಿದೆ ಸಾರ್" ಎಂಬ ಮಾತನ್ನು ನಂಬಿ ಔಷಧಿ ಕಡಿಮೆ ಮಾಡಬಾರದೆಂದು ಹೇಳುವುದು ಇದಕ್ಕೇ.

8. ಮಧ್ಯಾಹ್ನದ ಟಿಎಂಟಿ ನೋಡಿ ನಿರಾಳವಾಗಬೇಡಿ

ಜಪಾನಿನ ಹಿರೋಫುಮಿ ಯಾಸುಯೆ ಅವರ ತಂಡ 1979ರಲ್ಲಿ ಇಂಥ ರೋಗಿಗಳನ್ನು ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ವ್ಯಾಯಾಮಕ್ಕೆ ಹಚ್ಚಿ ನೋಡಿತು. ಮುಂಜಾನೆ ಸೆಳೆತ ಬಂತು, ಅವರಿಗೇ ಮಧ್ಯಾಹ್ನ ಬರಲಿಲ್ಲ. ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ನಮ್ಮ ಟಿಎಂಟಿ ಸರತಿ ಸಾಲು ಸಾಮಾನ್ಯವಾಗಿ ತಿಂಡಿಯ ಹೊತ್ತು ಕಳೆದ ಮೇಲೆ ಶುರುವಾಗುತ್ತದೆ. ಟಿಎಂಟಿ ನೆಗೆಟಿವ್ ಎಂದರೆ ದುಡಿಮೆಗೆ ಅಡ್ಡಿಯಾಗುವಷ್ಟು ದೊಡ್ಡ ಬ್ಲಾಕ್ ಇರುವ ಸಾಧ್ಯತೆ ಕಡಿಮೆ ಎಂದು ತಿಳಿಯಬಹುದು, ಸೆಳೆತದ ಬಗ್ಗೆ ಅದರಿಂದ ತೀರ್ಪು ಸಿಗದು.

9. ಆಂಜಿಯೋಗ್ರಾಂನಲ್ಲಿ ನೈಟ್ರೋಗ್ಲಿಸರಿನ್ ಕೊಟ್ಟು ನೋಡದೆ ಸ್ಟೆಂಟಿಗೆ ಕೈ ಹಾಕಬೇಡಿ

ಈ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು. ಕ್ಯಾಥ್‌ಲ್ಯಾಬಿನ ಪರದೆಯ ಮೇಲೆ ಬಲನಾಳಕ್ಕೆ ಡೈ ಹರಿಯುತ್ತಿದೆ ಅಂದುಕೊಳ್ಳಿ. ಬಾಯಿಯಿಂದ ಒಂದೆರಡು ಸೆಂಟಿಮೀಟರ್ ಒಳಗೆ ನಾಳ ಸಣ್ಣಗಾಗಿದೆ, ಅಂಚು ನುಣುಪು, ಆಚೆಗೆ ಮತ್ತೆ ಅಗಲ. ಶೇಕಡಾ ಎಂಬತ್ತು ತೊಂಬತ್ತರ ಬ್ಲಾಕಿನ ಹಾಗೇ ಕಾಣುತ್ತದೆ. ಕ್ಯಾಥೆಟರನ್ನು ಬಾಯಿಯಿಂದ ಸ್ವಲ್ಪ ಹಿಂದಕ್ಕೆ ಸರಿಸಿ, ರಕ್ತದೊತ್ತಡ ನೋಡಿಕೊಂಡು 100ರಿಂದ 200 ಮೈಕ್ರೋಗ್ರಾಂ ನೈಟ್ರೋಗ್ಲಿಸರಿನ್ ನೇರ ನಾಳದೊಳಗೆ ಕೊಟ್ಟು, ಒಂದೆರಡು ನಿಮಿಷ ಬಿಟ್ಟು, ಅದೇ ಕೋನದಿಂದ ಮತ್ತೆ ಡೈ ಬಿಡಿ. ಬ್ಲಾಕ್ ಇದ್ದ ಜಾಗ ಹುಡುಕಿದರೂ ಸಿಗದಿದ್ದರೆ ಅದು ಕ್ಯಾಥೆಟರಿನ ತುದಿ ತಾಗಿ ಬಂದ ಬಿಗಿತ. ಬಲನಾಳದ ಬಾಯಿಯಲ್ಲಿ ಇದು ಹೆಚ್ಚು. ಬಹಳ ಸಲ ಇದಕ್ಕೆ ನೋವೂ ಇರುವುದಿಲ್ಲ, ಇಸಿಜಿ ಬದಲಾವಣೆಯೂ ಇರುವುದಿಲ್ಲ, ಆದ್ದರಿಂದ ಇದನ್ನು ರೋಗವೆಂದು ಬರೆಯಲಾಗದು.

ನಿಜವಾದ ಸೆಳೆತ ಕ್ಯಾಥೆಟರ್ ತಲುಪದ ದೂರದಲ್ಲೂ ಬರುತ್ತದೆ. ಅದು ಒಂದೇ ಜಾಗದಲ್ಲಿ ಗಂಟಲು ಹಿಸುಕಿದಂತಿರಬಹುದು, ಅಥವಾ ನಾಳದ ಉದ್ದಕ್ಕೂ ಹರಡಿ ಇಡೀ ನಾಳವೇ ಎಳೆಯಷ್ಟು ಸಣ್ಣಗಾಗಬಹುದು. ಹರಡಿದ ಬಗೆ ಸುಲಭವಾಗಿ ಕಣ್ತಪ್ಪುತ್ತದೆ. ಮಹಿಳೆಯರಲ್ಲಿ, ಮಧುಮೇಹಿಗಳಲ್ಲಿ "ನಾಳಗಳೇ ಸಣ್ಣವು" ಎಂದು ವರದಿ ಬರೆಯುವ ಅಭ್ಯಾಸವಿದೆ. ನೈಟ್ರೇಟ್ ಕೊಟ್ಟ ಮೇಲೆ ಅದೇ ನಾಳ ಎಷ್ಟು ಹಿಗ್ಗಿತೆಂದು ನೋಡದೆ ಆ ವಾಕ್ಯ ಬರೆಯಬಾರದು.

ನೈಟ್ರೇಟ್ ಕೊಡದೆ ಸ್ಟೆಂಟ್ ಹಾಕಿದರೆ ಏನಾಗುತ್ತದೆ? ಇಲ್ಲದ ಬ್ಲಾಕಿಗೆ ಲೋಹದ ಬಲೆ ಕೂತುಕೊಳ್ಳುತ್ತದೆ. ಬಿಗಿದ ನಾಳದ ಅಳತೆಗೆ ಆರಿಸಿದ ಸ್ಟೆಂಟು, ನಾಳ ಸಡಿಲವಾದಾಗ ಗೋಡೆಗೆ ಸರಿಯಾಗಿ ತಾಗದೆ ಉಳಿಯುತ್ತದೆ. ಸೆಳೆತವಂತೂ ಸ್ಟೆಂಟಿನ ಅಂಚಿನಲ್ಲೋ, ಬೇರೆ ನಾಳದಲ್ಲೋ ಮತ್ತೆ ಬರುತ್ತದೆ. ರೋಗಿಯ ನೋವು ಹಾಗೇ ಉಳಿದು, ರಕ್ತ ತೆಳುಮಾಡುವ ಮಾತ್ರೆಗಳ ಭಾರವೂ ಸೇರಿಕೊಳ್ಳುತ್ತದೆ. ಸೆಳೆತದ ಜೊತೆ ನಿಜವಾದ ದೊಡ್ಡ ಬ್ಲಾಕೂ ಇದ್ದರೆ ಮಾತು ಬೇರೆ. ಆಗಲೂ ಸೆಳೆತದ ಮಾತ್ರೆ ಮುಂದುವರಿಯಬೇಕು.

ಇದರ ಎದುರು ಬದಿಯೂ ಇದೆ. ಕೈಯ ರೇಡಿಯಲ್ ನಾಳದ ಮೂಲಕ ಆಂಜಿಯೋ ಮಾಡುವಾಗ ಆ ನಾಳ ಬಿಗಿಯದಿರಲೆಂದು ನೈಟ್ರೋಗ್ಲಿಸರಿನ್, ವೆರಪಾಮಿಲ್ ಅಥವಾ ಡಿಲ್ಟಿಯಾಜೆಂ ಚುಚ್ಚುವುದು ವಾಡಿಕೆ. ಸೆಳೆತವಿದೆಯೇ ಎಂದು ಹುಡುಕಲು ಹೊರಟಾಗ ಇದೇ ಔಷಧಿ ಅದನ್ನು ಮರೆಮಾಡುತ್ತದೆ. ಶಂಕೆಯಿದ್ದರೆ ಕೇಸು ಶುರುವಾಗುವ ಮುಂಚೆಯೇ ತಂಡಕ್ಕೆ ತಿಳಿಸಿಡಿ, ವರದಿಯಲ್ಲಿ ಯಾವ ಚಿತ್ರ ಯಾವ ಔಷಧಿಯ ಮುಂಚಿನದು ಎಂದು ಬರೆಯಿಸಿ.

10. ಕೆಣಕಿ ನೋಡುವ ಪರೀಕ್ಷೆ ಬಲ್ಲವರ ಕೈಯಲ್ಲಿರಲಿ

ಯಾಸುಯೆ ಅವರ ತಂಡ ಕುಮಾಮೊಟೊದಲ್ಲಿ ಕೆಲಸ ಮಾಡುತ್ತ, 1986ರಲ್ಲಿ, ಅಸಿಟೈಲ್‌ಕೋಲಿನನ್ನು ನೇರ ಕೊರೊನರಿಗೆ ಕೊಟ್ಟು ಸೆಳೆತ ಬರಿಸಿ ತೋರಿಸಿತು. ಆರೋಗ್ಯವಂತ ನಾಳದ ಒಳಪದರ ಈ ರಾಸಾಯನಿಕಕ್ಕೆ ನೈಟ್ರಿಕ್ ಆಕ್ಸೈಡ್ ಬಿಟ್ಟು ಹಿಗ್ಗುತ್ತದೆ. ಒಳಪದರ ಕೆಟ್ಟಿದ್ದರೆ ಸ್ನಾಯು ನೇರವಾಗಿ ಕೆರಳಿ ಕುಗ್ಗುತ್ತದೆ. ಎಡನಾಳಕ್ಕೆ ಸಾಮಾನ್ಯವಾಗಿ 20, 50, 100 ಮೈಕ್ರೋಗ್ರಾಂ, ಬಲನಾಳಕ್ಕೆ 20, 50 ಮೈಕ್ರೋಗ್ರಾಂ ಹೀಗೆ ಹಂತಹಂತವಾಗಿ ಕೊಡುತ್ತಾರೆ. ಬಡಿತ ನಿಂತುಹೋಗುವ ಭಯವಿರುವುದರಿಂದ ತಾತ್ಕಾಲಿಕ ಪೇಸ್‌ಮೇಕರ್ ಸಿದ್ಧವಿರುತ್ತದೆ. ಸೆಳೆತದ ಮಾತ್ರೆಗಳನ್ನು ಒಂದೆರಡು ದಿನ ಮುಂಚೆ ನಿಲ್ಲಿಸಬೇಕಾಗುವುದರಿಂದ ರೋಗಿ ನಿಗಾದಲ್ಲಿರಬೇಕು.

ಮೂರು ಒಟ್ಟಿಗೆ ಬಂದರೆ ಪಾಸಿಟಿವ್: ರೋಗಿಗೆ ಅದೇ ಪರಿಚಿತ ನೋವು, ಇಸಿಜಿಯಲ್ಲಿ ಬದಲಾವಣೆ, ಪರದೆಯ ಮೇಲೆ ನಾಳ ಶೇಕಡಾ 90ಕ್ಕಿಂತ ಹೆಚ್ಚು ಕಿರಿದಾಗುವುದು. ನೋವೂ ಇಸಿಜಿ ಬದಲಾವಣೆಯೂ ಬಂದು, ದೊಡ್ಡ ನಾಳ ಬಿಚ್ಚಿಕೊಂಡೇ ಇದ್ದರೆ ಸೆಳೆತ ಆಂಜಿಯೋದಲ್ಲಿ ಕಾಣದಷ್ಟು ಸೂಕ್ಷ್ಮ ನಾಳಗಳಲ್ಲಿದೆ ಎಂದರ್ಥ. "ಆಂಜಿಯೋ ಕ್ಲೀನ್ ಇದೆ, ಎಲ್ಲ ಮನಸ್ಸಿನದು" ಎಂದು ಹೇಳಿಸಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಹೆಣ್ಣುಮಕ್ಕಳಿಗೆ ಈ ಒಂದು ಪರೀಕ್ಷೆ ಎಷ್ಟು ದೊಡ್ಡ ಸಮಾಧಾನ ಕೊಡುತ್ತದೆಂದು ನೋಡಿದವರಿಗೇ ಗೊತ್ತು. ಇಸಿಜಿಯೇ ಸ್ಪಷ್ಟವಾಗಿ ಸಿಕ್ಕಿದವರಿಗೆ ಸಾಮಾನ್ಯವಾಗಿ ಈ ಪರೀಕ್ಷೆ ಬೇಕಾಗದು.

11. ಉಳಿದ ಚಿತ್ರಗಳಿಗೆ ಅವುಗಳ ಮಿತಿ ಹಾಕಿ ನೋಡಿ

ನೋವಿರುವಾಗ ಎಕೋ ಮಾಡಿದರೆ ಆ ನಾಳದ ಗೋಡೆ ಮುದುಡದೆ ನಿಂತಿರುವುದು ಕಾಣುತ್ತದೆ, ಆಮೇಲೆ ಮಾಡಿದರೆ ಹೆಚ್ಚಾಗಿ ನಾರ್ಮಲ್. ಸಿಟಿ ಆಂಜಿಯೋಗೆ ಮುಂಚೆ ನಾಳ ಚೆನ್ನಾಗಿ ಕಾಣಲೆಂದು ನಾಲಿಗೆ ಕೆಳಗೆ ನೈಟ್ರೇಟ್ ಕೊಡುತ್ತಾರೆ. ಹಾಗಾಗಿ ಅದರಲ್ಲಿ ಸೆಳೆತ ಹುಡುಕುವಂತಿಲ್ಲ, ಕೊಬ್ಬಿನ ಬ್ಲಾಕ್ ಇಲ್ಲವೆಂದು ತಿಳಿಯಲು ಮಾತ್ರ ಉಪಯೋಗ. ಟ್ರೊಪೋನಿನ್ ಏರಿ, ಆಂಜಿಯೋ ಕ್ಲೀನ್ ಬಂದವರಿಗೆ ಎಂಆರ್‌ಐ ಬಹಳ ಬೆಲೆಯುಳ್ಳದ್ದು. ರಕ್ತ ಸಾಲದೆ ಆದ ಗಾಯ ಸ್ನಾಯುವಿನ ಒಳಮೈಯಿಂದ ಶುರುವಾಗಿ ಒಂದು ನಾಳದ ಸೀಮೆಯೊಳಗೆ ಇರುತ್ತದೆ, ಹೃದಯಸ್ನಾಯುವಿನ ಉರಿಯೂತದ ಗಾಯ ಹೆಚ್ಚಾಗಿ ಹೊರಮೈಯಲ್ಲೋ ನಡುಪದರದಲ್ಲೋ ಇರುತ್ತದೆ. ನಾಳದೊಳಗೇ ಇಳಿದು ನೋಡುವ ಓಸಿಟಿಯಲ್ಲಿ ಸೆಳೆತದ ಜಾಗದ ಒಳಪದರ ಅಲೆಅಲೆಯಾಗಿ ಉಬ್ಬಿದ್ದು, ಕೆಲವರಲ್ಲಿ ಸವೆದು ಸಣ್ಣ ಹೆಪ್ಪು ಅಂಟಿಕೊಂಡದ್ದು ಕಾಣುತ್ತದೆ.

12. ಇಸಿಜಿಯ ಪಕ್ಕದಲ್ಲಿ ಔಷಧಿ ಚೀಟಿ ಇಟ್ಟು ಓದಿ

ಎಸ್‌ಟಿ ಏರಿಕೆಯ ಕಾರಣ ಚೀಟಿಯಲ್ಲೇ ಇರುವುದುಂಟು. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಕೊಡುವ ಮೆಥರ್ಜಿನ್, ಮೈಗ್ರೇನಿನ ಎರ್ಗೋಟಮಿನ್ ಮತ್ತು ಸುಮಾಟ್ರಿಪ್ಟಾನ್, ಕ್ಯಾನ್ಸರಿನ 5-ಫ್ಲೂರೊಯುರಾಸಿಲ್, ಅದೇ ಗುಂಪಿನ ಕ್ಯಾಪೆಸಿಟಾಬಿನ್ ಮಾತ್ರೆ, ಕೊಕೇನ್ ಮತ್ತು ಆಂಫೆಟಮಿನ್. ಜೇನುಹುಳು ಕಚ್ಚಿ ಮೈಯೆಲ್ಲ ದದ್ದು ಎದ್ದವರಲ್ಲೂ ಅಲರ್ಜಿಯ ರಾಸಾಯನಿಕಗಳಿಂದ ನಾಳ ಬಿಗಿಯಬಹುದು. ಗ್ರೀಸಿನ ನಿಕೊಲಸ್ ಕೌನಿಸ್ 1991ರಲ್ಲಿ ಇದನ್ನು ವಿವರಿಸಿದರು. ಕೈ ನಡುಕಕ್ಕೋ ಗಾಬರಿಗೋ ಬಳಸುವ ಪ್ರೊಪ್ರನೊಲಾಲ್ ಸೆಳೆತವನ್ನು ಉಲ್ಬಣಿಸಬಹುದು. ಎದೆನೋವು ಎಂದೊಡನೆ ಬೀಟಾ ಬ್ಲಾಕರ್ ಬರೆಯುವ ರೂಢಿ ಇಲ್ಲಿ ತೊಂದರೆ ತರುತ್ತದೆ. ಬೀಡಿ ಸಿಗರೇಟಂತೂ ಎಲ್ಲಕ್ಕಿಂತ ಮೇಲೆ. ಬಿಟ್ಟವರಲ್ಲಿ ಸೆಳೆತ ಎಷ್ಟು ಕಡಿಮೆಯಾಗುತ್ತದೆಂದು ಕಂಡವನಾಗಿ, ಇದನ್ನು ಪ್ರತಿ ಸಲವೂ ಕೈಹಿಡಿದು ಹೇಳುತ್ತೇನೆ.

ಚಿಕಿತ್ಸೆಯ ಬುನಾದಿ ಡಿಲ್ಟಿಯಾಜೆಂ, ವೆರಪಾಮಿಲ್, ನಿಫೆಡಿಪಿನ್, ಅಮ್ಲೋಡಿಪಿನ್ ಮುಂತಾದ ಕ್ಯಾಲ್ಸಿಯಂ ತಡೆ ಮಾತ್ರೆಗಳು. ಬೇಕಾದರೆ ಜೊತೆಗೆ ದೀರ್ಘಾವಧಿಯ ನೈಟ್ರೇಟು, ನಿಕೊರಾಂಡಿಲ್. ಬೆಳಗಿನ ಜಾವಕ್ಕೆ ಕಾವಲು ಬೇಕಿರುವುದರಿಂದ ಮಲಗುವಾಗಿನ ಡೋಸ್ ತಪ್ಪಬಾರದು. ಊರಹಬ್ಬ, ಮದುವೆ, ದೂರದ ಪ್ರಯಾಣದಲ್ಲಿ ಮಾತ್ರೆ ಮುಗಿದು ಎರಡು ದಿನ ಬಿಟ್ಟು, ಮೊದಲಿಗಿಂತ ಜೋರಾದ ಸೆಳೆತದೊಂದಿಗೆ ಬಂದವರನ್ನು ಕಂಡಿದ್ದೇನೆ. ಈ ಮಾತ್ರೆ ತಟ್ಟನೆ ನಿಂತರೆ ಸೆಳೆತ ಮರುಕಳಿಸುತ್ತದೆ.

ಡಿಸ್ಚಾರ್ಜ್ ಮಾಡುವಾಗ ಸಾರಾಂಶದ ಮೊದಲ ಸಾಲಿನಲ್ಲೇ ಕೊರೊನರಿ ಸೆಳೆತ ಎಂದು ಬರೆದು, ಯಾವ ನಾಳ, ಯಾವ ಲೀಡುಗಳು, ಯಾವ ಔಷಧಿ ವರ್ಜ್ಯ ಎಂಬುದನ್ನೂ ಸೇರಿಸುತ್ತೇವೆ. ಇಸಿಜಿ ಯಂತ್ರದ ಶಾಖದ ಕಾಗದ ಕೆಲವು ವರ್ಷಗಳಲ್ಲಿ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ನೋವಿದ್ದಾಗಿನ ಹಾಳೆ, ನೋವು ಹೋದ ಮೇಲಿನ ಹಾಳೆ ಎರಡನ್ನೂ ಅಕ್ಕಪಕ್ಕ ಇಟ್ಟು ಝೆರಾಕ್ಸ್ ಮಾಡಿಸಿ, ರೋಗಿಯ ಮೊಬೈಲಿನಲ್ಲೂ ಮನೆಯವರ ಮೊಬೈಲಿನಲ್ಲೂ ಫೋಟೋ ತೆಗೆಸುತ್ತೇವೆ. ಮುಂದೆ ಯಾವುದೋ ಊರಿನಲ್ಲಿ, ಯಾವುದೋ ರಾತ್ರಿ ಹೊಸ ಡಾಕ್ಟರರ ಎದುರು ಕೂತಾಗ ಅವರಿಗೆ ಮೊದಲು ಬೇಕಾಗುವುದು ಆ ಫೋಟೋ. ಹತ್ತು ನಿಮಿಷ ಮೀರಿ ನೋವು ಉಳಿದರೆ, ಒಂದು ಮಾತ್ರೆಗೆ ಕಡಿಮೆಯಾಗದಿದ್ದರೆ, ತಲೆ ತಿರುಗಿದರೆ ಫೋಟೋ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ.